ಕರೆಂಟು ಹೋದಾಗ ಕಂಪ್ಯೂಟರಿಗೆ ಏನಾಗುತ್ತದೆ?



ನಮ್ಮ ಶಾಲೆಯ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. ನಮ್ಮೂರಿನ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಮತ್ತೆ ಬಂದಾಗ ಕೆಲವು ಸಲ ಕಂಪ್ಯೂಟರ್ ಪೂರ್ತಿ ಏಳುವುದಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ನಿಂತುಬಿಡುತ್ತವೆ. "ಕೆಟ್ಟೋಯ್ತು, ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು" ಅಂತ ಯಾರಾದರೂ ಹೇಳ್ತಾರೆ. ಹಾಗೆ ಮಾಡಿದರೆ ನಮ್ಮ ಪ್ರಬಂಧಗಳು, ಮೇಷ್ಟ್ರು ತುಂಬಿಸಿದ ಅಂಕಪಟ್ಟಿ ಎಲ್ಲವೂ ಹೋಗುತ್ತವೆ. ಆದರೆ ಬಹಳ ಸಲ ಅಳಿಸುವ ಅಗತ್ಯವೇ ಇರುವುದಿಲ್ಲ. ಯಾಕೆಂದು ಹೇಳುತ್ತೇನೆ.

ಕಾರಣವೇನು?

ನಾವು ಮಾಡಿದ ಕೆಲಸ ಡಿಸ್ಕಿಗೆ ಹೋಗುವ ಮೊದಲು ಸ್ವಲ್ಪ ಹೊತ್ತು ರ್‍ಯಾಮ್ ಎಂಬ ನೆನಪಿನಲ್ಲಿ ಕಾಯುತ್ತದೆ. ಕರೆಂಟು ಹೋದರೆ ರ್‍ಯಾಮ್ ಎಲ್ಲವನ್ನೂ ಮರೆಯುತ್ತದೆ. ನಮ್ಮ ಲೈಬ್ರರಿಯನ್ನೇ ನೋಡಿ. ಪುಸ್ತಕ ಕೊಟ್ಟಾಯ್ತು, ರಿಜಿಸ್ಟರಿನಲ್ಲಿ ಬರೆಯುವಷ್ಟರಲ್ಲಿ ಗಂಟೆ ಹೊಡೀತು. ಆಗ ರಿಜಿಸ್ಟರಿಗೂ ಕಪಾಟಿಗೂ ತಾಳೆಯಾಗುವುದಿಲ್ಲ. ಯಾವ ಫೈಲು ಎಲ್ಲಿದೆ, ಯಾವ ಜಾಗ ಖಾಲಿ ಎಂಬ ರಿಜಿಸ್ಟರು ಡಿಸ್ಕಿನಲ್ಲೂ ಇದೆ. ಅದು ತಪ್ಪಿದರೆ ಅದೇ ಫೈಲ್ ಸಿಸ್ಟಂ ದೋಷ.

ಇದಕ್ಕಾಗಿಯೇ 2001ರಲ್ಲಿ ಲಿನಕ್ಸಿಗೆ ಸೇರಿದ ಇಎಕ್ಸ್‌ಟಿ3, 2008ರ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂಗಳಲ್ಲಿ 'ಜರ್ನಲ್' ಇದೆ. ರಿಜಿಸ್ಟರಿನಲ್ಲಿ ಏನು ಬದಲಿಸಬೇಕೆಂದು ಮೊದಲು ಅಲ್ಲಿ ಗುರುತು ಹಾಕಿ, ಆಮೇಲೆ ಬದಲಿಸುತ್ತದೆ. ಕರೆಂಟು ಬಂದಾಗ ಅದನ್ನು ಓದಿ ಅರ್ಧ ಉಳಿದ ಕೆಲಸ ಮುಗಿಸುತ್ತದೆ. ಆದರೆ ಸೇವ್ ಮಾಡದ ಬರಹವನ್ನು ಜರ್ನಲ್ ಉಳಿಸಲಾರದು.

ಏನು ಮಾಡಬೇಕು?

1. ತಪಾಸಣೆ ತಾನಾಗಿಯೇ ನಡೆಯುತ್ತಿದ್ದರೆ ಮುಗಿಯುವ ತನಕ ಕಾಯಿರಿ. ಬೇಜಾರಾಯ್ತು ಅಂತ ಸ್ವಿಚ್ ಆರಿಸಬೇಡಿ.

2. 'ಎಫ್‌ಎಸ್‌ಸಿಕೆಯನ್ನು ನೀವೇ ಓಡಿಸಿ' ಎಂಬ ಅರ್ಥದ ಇಂಗ್ಲಿಷ್ ಸಾಲು ಬಂದರೆ ಮೇಷ್ಟ್ರನ್ನು ಕರೆಯಿರಿ. ಎಫ್‌ಎಸ್‌ಸಿಕೆ ಎಂದರೆ ಫೈಲ್ ಸಿಸ್ಟಂ ಚೆಕ್. ಡಿಸ್ಕಿನ ಭಾಗದ ಹೆಸರು ಪರದೆಯ ಮೇಲೆಯೇ ಇರುತ್ತದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆ ನಾಲ್ಕು ಸಣ್ಣಕ್ಷರ ಹೊಡೆದು, ಜಾಗ ಬಿಟ್ಟು, ಡಿಸ್ಕಿನ ಹೆಸರು ಹೊಡೆದು ಎಂಟರ್ ಒತ್ತಬೇಕು. ಒಂದೊಂದು ತಪ್ಪಿಗೂ 'ಸರಿಪಡಿಸಲೇ?' ಎಂದು ಕೇಳುತ್ತದೆ. 'ವೈ' ಒತ್ತಿದರೆ ಹೌದು ಎಂದರ್ಥ.

3. ಬಳಕೆಯಲ್ಲಿರುವ ಡಿಸ್ಕಿನ ಮೇಲೆ ಇದನ್ನು ಓಡಿಸಲೇಬಾರದು. ಒಬ್ಬರು ಪುಸ್ತಕ ಕೊಡುತ್ತಿರುವಾಗಲೇ ಇನ್ನೊಬ್ಬರು ರಿಜಿಸ್ಟರ್ ತಿದ್ದಿದ ಹಾಗಾಗುತ್ತದೆ. ಇದ್ದ ಫೈಲೂ ಹಾಳಾದೀತು.

4. ಹೆಸರು ಕಳೆದುಕೊಂಡ ಫೈಲುಗಳನ್ನು ಎಫ್‌ಎಸ್‌ಸಿಕೆ 'ಲಾಸ್ಟ್ ಪ್ಲಸ್ ಫೌಂಡ್' ಎಂಬ ಫೋಲ್ಡರಿನಲ್ಲಿ ಬರೀ ನಂಬರ್ ಕೊಟ್ಟು ಇಡುತ್ತದೆ. ಕಾಣೆಯಾದ ಪ್ರಬಂಧ ಅಲ್ಲಿರಬಹುದು.

5. ಕರೆಂಟು ಹೋಗದಿದ್ದರೂ ದೋಷ ಮತ್ತೆ ಮತ್ತೆ ಬಂದರೆ ಡಿಸ್ಕಿಗೇ ವಯಸ್ಸಾಗಿರಬಹುದು. ತಿದ್ದುವ ಮೊದಲು ಮುಖ್ಯ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಸಿ.

ಕೊನೆಯದಾಗಿ, ಆಟ ಮುಗಿದರೂ ಪಾಠ ಮುಗಿದರೂ ಮೆನುವಿನಲ್ಲಿ ಶಟ್ ಡೌನ್ ಒತ್ತಿ, ಪರದೆ ಆರಿದ ಮೇಲೇ ಸ್ವಿಚ್ ಮುಟ್ಟಿ. ಯುಪಿಎಸ್ 'ಕುಂಯ್' ಅನ್ನೋದು ಇನ್ನೊಂದು ಆಟ ಆಡಿ ಅಂತಲ್ಲ, ಬೇಗ ಸೇವ್ ಮಾಡಿ ಮುಚ್ಚಿ ಅಂತ!