ಮೂಳೆ ಸವೆತದ ಔಷಧಿ ಹಾಗೂ ತಾಯ್ತನದ ಸಿದ್ಧತೆ

ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಮುಪ್ಪಿನಲ್ಲಿ ಮಾತ್ರ ಬರುವುದೆಂಬುದು ಸಾಮಾನ್ಯ ಭಾವನೆ. ಆದರೆ ಆಸ್ತಮಾ, ಕೀಲುವಾತ, ಲೂಪಸ್ ಮುಂತಾದ ಕಾಯಿಲೆಗಳಿಗಾಗಿ ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದ ಮಹಿಳೆಯರಲ್ಲಿ ಹೆರಿಗೆಯ ವಯಸ್ಸಿನಲ್ಲಿಯೇ ಇದು ತಲೆದೋರಬಹುದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಅಂಗಡಿ, ಗಿರಣಿ ಹಾಗೂ ಸಣ್ಣ ಕೈಗಾರಿಕೆಗಳಲ್ಲಿ ದುಡಿಯುವ ಮಹಿಳೆಯರಿಗೂ, ವರ್ತಕರ ಕುಟುಂಬಗಳಿಗೂ, ಔಷಧ ವ್ಯಾಪಾರಿಗಳಿಗೂ ಈ ವಿಷಯದ ಅರಿವು ಅವಶ್ಯಕ.

ಔಷಧಿಗಳ ಸ್ವಭಾವ

ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮತ್ತು ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ನೀಡುವ ಜೊಲೆಡ್ರೊನಿಕ್ ಆಮ್ಲ ಬಿಸ್‌ಫಾಸ್ಫೊನೇಟ್ ವರ್ಗಕ್ಕೆ ಸೇರಿದವು. ಇವು ಗೋದಾಮಿನ ದಾಸ್ತಾನಿನಂತೆ ಮೂಳೆಯಲ್ಲಿ ಸಂಗ್ರಹಗೊಂಡು, ಸೇವನೆ ನಿಂತ ಮೇಲೂ ವರ್ಷಗಟ್ಟಲೆ ಅಲ್ಪಸ್ವಲ್ಪವಾಗಿ ರಕ್ತಕ್ಕೆ ಸೇರುತ್ತಿರುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಭ್ರೂಣಕ್ಕೆ ಹಾನಿ ಕಂಡುಬಂದಿದೆ. ಮನುಷ್ಯರಲ್ಲಿ ದೊರೆತ ಸೀಮಿತ ಮಾಹಿತಿಯಿಂದ ಗಂಭೀರ ಜನ್ಮದೋಷಗಳು ಸಾಬೀತಾಗಿಲ್ಲ. ಆದರೂ ಮುನ್ನೆಚ್ಚರಿಕೆಯಾಗಿ ಗರ್ಭಧಾರಣೆಗೆ 6ರಿಂದ 12 ತಿಂಗಳು ಮುಂಚಿತವಾಗಿ ಇವನ್ನು ನಿಲ್ಲಿಸುವಂತೆ ಅನೇಕ ತಜ್ಞರು ಸಲಹೆ ನೀಡುತ್ತಾರೆ.

6 ತಿಂಗಳಿಗೊಮ್ಮೆ ನೀಡುವ ಡೆನೊಸುಮ್ಯಾಬ್ ಚುಚ್ಚುಮದ್ದಿನ ಲೆಕ್ಕ ಬೇರೆ. ಕೊನೆಯ ಚುಚ್ಚುಮದ್ದಿನ ನಂತರ ಕನಿಷ್ಠ 5 ತಿಂಗಳು ಗರ್ಭನಿರೋಧಕ ಕ್ರಮ ಅನುಸರಿಸಬೇಕು. ಆದರೆ ಇದನ್ನು ಥಟ್ಟನೆ ನಿಲ್ಲಿಸಿದರೆ ಮೂಳೆಯ ಸಾಂದ್ರತೆ ವೇಗವಾಗಿ ಕುಸಿದು ಬೆನ್ನೆಲುಬಿನ ಮುರಿತ ಉಂಟಾಗುವ ಅಪಾಯವಿದೆ. ನಿತ್ಯ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯದಿದ್ದರೂ ಗರ್ಭಾವಸ್ಥೆಯಲ್ಲಿ ಸಲ್ಲದು.

ಕೈಗೊಳ್ಳಬೇಕಾದ ಕ್ರಮಗಳು

ಮಗುವಿನ ಅಪೇಕ್ಷೆಯುಳ್ಳವರು ಮೊದಲೇ ಮೂಳೆತಜ್ಞರನ್ನೂ ಸ್ತ್ರೀರೋಗ ತಜ್ಞರನ್ನೂ ಕಾಣುವುದು ಒಳಿತು. ಔಷಧಿಯ ಹೆಸರು, ಪ್ರಮಾಣ, ಕೊನೆಯ ಬಾರಿ ಪಡೆದ ದಿನಾಂಕ ಇರುವ ಚೀಟಿಗಳನ್ನು ಜೋಪಾನವಾಗಿಡಬೇಕು. ಕ್ಷ-ಕಿರಣದ ಮೂಲಕ ನಡೆಯುವ ಸಾಂದ್ರತಾ ಪರೀಕ್ಷೆಯನ್ನು ಗರ್ಭಧಾರಣೆಗೆ ಮುನ್ನವೇ ಮುಗಿಸುವುದು ಸೂಕ್ತ. ಔಷಧಿ ಸೇವಿಸುತ್ತಿರುವಾಗಲೇ ಗರ್ಭ ನಿಂತರೆ ಗಾಬರಿಪಡಬೇಕಿಲ್ಲ, ಅಷ್ಟಕ್ಕೇ ಗರ್ಭಪಾತಕ್ಕೆ ಮುಂದಾಗಬೇಕಿಲ್ಲ. ಕೂಡಲೇ ವೈದ್ಯರಿಗೆ ತಿಳಿಸಬೇಕು. ಜನಿಸಿದ ಶಿಶುವಿನ ರಕ್ತದ ಕ್ಯಾಲ್ಸಿಯಂ ಪರೀಕ್ಷೆಯ ಅಗತ್ಯವೂ ಬೀಳಬಹುದು. ಸ್ಟೀರಾಯ್ಡ್ ಮಾತ್ರೆಗಳನ್ನು ಮಾತ್ರ ಸ್ವಂತ ನಿರ್ಧಾರದಿಂದ ನಿಲ್ಲಿಸಲೇಬಾರದು.

ಗರ್ಭಿಣಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಈ ಭಾಗದ ನಿತ್ಯದ ಊಟವಾದ ಜೋಳದಲ್ಲಿ 100 ಗ್ರಾಂಗೆ 30 ಮಿಲಿಗ್ರಾಂ ಸಹ ದೊರೆಯದು. ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಹಾಲು, ಮೊಸರು, ಎಳ್ಳು ರೊಟ್ಟಿಯ ಜೊತೆಗಿರಲಿ. ಸರ್ಕಾರದ ಮಾರ್ಗಸೂಚಿಯಂತೆ 14ನೆಯ ವಾರದಿಂದ 500 ಮಿಲಿಗ್ರಾಂನ ಎರಡು ಕ್ಯಾಲ್ಸಿಯಂ ಮಾತ್ರೆಗಳನ್ನು ದಿನವೂ ನೀಡಲಾಗುತ್ತದೆ. ಇವನ್ನು ಕಬ್ಬಿಣಾಂಶದ ಮಾತ್ರೆಯೊಂದಿಗೆ ಒಟ್ಟಿಗೆ ನುಂಗಬಾರದು.

ವರ್ತಕರ ಹೊಣೆ

ಹಳೆಯ ಚೀಟಿಯ ಮೇಲೆ ಈ ಮಾತ್ರೆಗಳನ್ನು ಮತ್ತೆ ಮತ್ತೆ ಕೊಡುವ ಬದಲು, ವೈದ್ಯರನ್ನು ಮರಳಿ ಕಾಣುವಂತೆ ಔಷಧ ವ್ಯಾಪಾರಿಗಳು ಯುವತಿಯರಿಗೆ ಸೂಚಿಸಬೇಕು. ಮೂಳೆ ದುರ್ಬಲವಾದವರಿಂದ ಮೂಟೆ ಹೊರಿಸದೆ, ಕುಳಿತು ಮಾಡುವ ಕೆಲಸ ವಹಿಸಬೇಕು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆ ಅರ್ಹ ಮಹಿಳಾ ನೌಕರರ ಹಕ್ಕಾಗಿದೆ. ತನ್ನ ಆರೋಗ್ಯದ ವಿಷಯವನ್ನು ಕೆಲಸ ಹೋಗುವ ಅಂಜಿಕೆಯಿಲ್ಲದೆ ಹೇಳಿಕೊಳ್ಳುವ ವಾತಾವರಣವಿದ್ದರೆ ಮಾತ್ರ ಅಂಥವಳಿಗೆ ಸಕಾಲದಲ್ಲಿ ನೆರವಾಗಲು ಸಾಧ್ಯ.