ಕಾದ ನಾಡಿನಲ್ಲಿ ಮೊದಲ ಹದಿನೈದು ದಿನಗಳು

ಅರಬ್ಬೀ ಕೊಲ್ಲಿಯ ದೇಶಗಳಿಗೆ ಉದ್ಯೋಗಕ್ಕಾಗಿ ಹೊರಟ ತರುಣರಿಗೆ ಅಲ್ಲಿಯ ಸೆಕೆಯ ವಿಷಯವನ್ನು ಹೇಳಹೋದರೆ, “ಬಿಸಿಲು ನಮಗೇನು ಹೊಸದೆ?” ಎಂದು ನಕ್ಕುಬಿಡುವುದುಂಟು. ರಾಯಚೂರಿನವನು ತನ್ನ ಊರಿನ ಏಪ್ರಿಲ್ ತಿಂಗಳನ್ನು ನೆನೆಯುತ್ತಾನೆ. ಮಂಗಳೂರಿನವನು ತನ್ನ ಕಡಲತೀರದ ಮೇ ತಿಂಗಳನ್ನು. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಮಸ್ಕತ್ತಿನಲ್ಲಿ ಎರಡು ವರ್ಷ ಅಧ್ಯಾಪನ ಮಾಡಿ ಬಂದ ನಾವೂ ಹೊರಡುವಾಗ ಹೀಗೆಯೇ ನಕ್ಕವರು. ಉಳಿದ ಅರ್ಧವನ್ನು ನಮಗೆ ಕಲಿಸಿದ್ದು ಅಲ್ಲಿಯ ಬಿಸಿಲು.

ಕುವೈತ್ ದೇಶದ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು ಉಷ್ಣಮಾಪಕವು 53.9 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿತ್ತು. ಆ ಸಂಖ್ಯೆಯನ್ನು ಕೇಳಿದವರು ಬೆಚ್ಚುವುದು ಸಹಜ. ಆದರೆ ಅದು ಮರುಭೂಮಿಯ ಒಣ ಗಾಳಿ. ದುಬೈ, ಮಸ್ಕತ್ ಮೊದಲಾದ ಕಡಲಂಚಿನ ಪಟ್ಟಣಗಳಲ್ಲಿ ಅದಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಕಡಿಮೆಯಿರುವ ದಿನವೂ ದೇಹಕ್ಕೆ ಅಷ್ಟೇ ಕಷ್ಟವಾಗಬಹುದು. ಇದರ ಕಾರಣವನ್ನು ತುಸು ವಿಚಾರಿಸೋಣ.

ಹೊರಗಿನ ಗಾಳಿ ನಮ್ಮ ಮೈಗಿಂತ ಬಿಸಿಯಾದಾಗ ದೇಹವು ತನ್ನ ಶಾಖವನ್ನು ಕಳೆದುಕೊಳ್ಳಲು ಉಳಿಯುವ ಮುಖ್ಯ ದಾರಿ ಒಂದೇ: ಬೆವರು ಆರುವುದು. ಒಂದು ಲೀಟರು ಬೆವರು ಮೈಮೇಲೆಯೇ ಆರಿ ಆವಿಯಾದರೆ, ಸುಮಾರು ಏಳು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಹೊರಹೋಗುತ್ತದೆ. ಅದೇ ಬೆವರು ಆರದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ನೀರು ನಷ್ಟವಾಯಿತೇ ಹೊರತು ಶಾಖ ಹೋಗಲಿಲ್ಲ. ಗಾಳಿ ಮೊದಲೇ ತೇವದಿಂದ ತುಂಬಿದ್ದರೆ ಆಗುವುದು ಇದೇ. ಆದಕಾರಣವೇ 1905ರಲ್ಲಿ ಹಾಲ್ಡೇನ್ ಎಂಬ ಬ್ರಿಟಿಷ್ ವಿಜ್ಞಾನಿಯು, ಮನುಷ್ಯನ ತಾಳಿಕೆಯನ್ನು ನಿರ್ಣಯಿಸುವುದು ಬರಿಯ ಉಷ್ಣಮಾಪಕವಲ್ಲ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಎಂದು ತೋರಿಸಿದನು. 1950ರ ದಶಕದಲ್ಲಿ ಅಮೆರಿಕದ ನೌಕಾ ಯೋಧರ ಶಿಕ್ಷಣ ಶಿಬಿರಗಳಿಗಾಗಿ ರೂಪಿಸಿದ ಮಾನದಲ್ಲಿ, ಹೊರಾಂಗಣದ ಲೆಕ್ಕಕ್ಕೆ, ಹತ್ತು ಪಾಲಿನಲ್ಲಿ ಏಳು ಪಾಲು ಒದ್ದೆ ಉಷ್ಣಮಾಪಕಕ್ಕೆ, ಎರಡು ಪಾಲು ಬಿಸಿಲಿನಲ್ಲಿಟ್ಟ ಕಪ್ಪು ಗೋಳಕ್ಕೆ, ಒಂದೇ ಪಾಲು ಒಣ ಉಷ್ಣಮಾಪಕಕ್ಕೆ. ಕತಾರ್ ದೇಶದ 2021ರ ನಿಯಮದಂತೆ ಈ ಮಾನವು 32.1 ಡಿಗ್ರಿಯನ್ನು ಮೀರಿದರೆ ಹೊರಗಿನ ಕೆಲಸವನ್ನು ನಿಲ್ಲಿಸತಕ್ಕದ್ದು.

ಇನ್ನು ದೇಹದ ಸಂಗತಿ. ಸೆಕೆಯನ್ನು ತಾಳುವುದು ಹುಟ್ಟುಗುಣವೆಂದು ಅನೇಕರು ಭಾವಿಸಿದ್ದಾರೆ. ಅದು ಬಹುಮಟ್ಟಿಗೆ ಕಲಿಕೆ. ಒಂದರಿಂದ ಎರಡು ವಾರಗಳ ಕಲಿಕೆ. ಪ್ರತಿದಿನವೂ ಸ್ವಲ್ಪ ಹೊತ್ತು ಬಿಸಿಯಲ್ಲಿ ದುಡಿದವನ ರಕ್ತದಲ್ಲಿ ಮೊದಲ ಕೆಲವು ದಿನಗಳಲ್ಲೇ ನೀರಿನಂಶ ಹೆಚ್ಚುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಬೆವರು ಬೇಗ ಒಸರತೊಡಗುತ್ತದೆ, ಹೆಚ್ಚಾಗಿ ಒಸರುತ್ತದೆ, ಅದರಲ್ಲಿಯ ಉಪ್ಪು ಕಡಿಮೆಯಾಗುತ್ತದೆ. ದೇಹವು ಪಳಗಿದರೆ ನೀರು ಕಡಿಮೆ ಸಾಕೆಂಬ ಮಾತು ಶುದ್ಧ ತಪ್ಪು. ಪಳಗಿದವನಿಗೇ ಹೆಚ್ಚು ನೀರು ಬೇಕು.

ಈ ಕಲಿಕೆಯಲ್ಲಿ ಒಂದು ದೊಡ್ಡ ದೋಷವುಂಟು: ದೇಹವು ಇದನ್ನು ಬೇಗ ಮರೆಯುತ್ತದೆ. ಒಂದು ವಾರ ತಂಪಿನಲ್ಲಿದ್ದರೆ ಮರೆವು ಪ್ರಾರಂಭ. ಒಂದು ತಿಂಗಳಾದರೆ ಬಹುಪಾಲು ಅಳಿಸಿಹೋಗುತ್ತದೆ. ಹೊಸಬನು ಹೆದರಿ ನಡೆಯುತ್ತಾನೆ. ರಜೆ ಮುಗಿಸಿ ಬಂದ ಹಳಬನಿಗೆ ಆ ಹೆದರಿಕೆ ಇಲ್ಲ, ಪಳಗಿದ ದೇಹವೂ ಇಲ್ಲ. ನಾವು ಎರಡನೆಯ ವರ್ಷ ಆರು ವಾರಗಳನ್ನು ಮಲೆನಾಡಿನ ಮಳೆಯಲ್ಲಿ ಕಳೆದು ಆಗಸ್ಟ್ ತಿಂಗಳಿನಲ್ಲಿ ಮಸ್ಕತ್ತಿಗೆ ಹಿಂದಿರುಗಿದೆವು. ಮೂರನೆಯ ದಿನ ನಡುಹಗಲಿನಲ್ಲಿ, ಪರಿಚಿತವಾದ ಬೀದಿಯೇ ಎಂದು, ಒಂದು ಮೈಲಿ ದೂರದ ಬ್ಯಾಂಕಿಗೆ ನಡೆದೇ ಹೊರಟೆವು. ಅರ್ಧ ದಾರಿಯಲ್ಲಿ ತಲೆ ಸುತ್ತಿತು; ಗೋಡೆಯನ್ನು ಹಿಡಿದು ನಿಂತೆವು. ಎದುರಿನ ಅಂಗಡಿಯಲ್ಲಿ ಹೊಲಿಯುತ್ತಿದ್ದ ಕುಂದಾಪುರದವರೊಬ್ಬರು ನಮ್ಮನ್ನು ಒಳಗೆ ಮಲಗಿಸಿ, ಕುತ್ತಿಗೆಗೂ ಎದೆಗೂ ನೀರು ಸುರಿದು, ಬೀಸಣಿಗೆಯನ್ನು ತಿರುಗಿಸಿಟ್ಟರು. ಏನಾಯಿತೆಂದು ಅವರು ಕೇಳಲಿಲ್ಲ. “ಮಾಷ್ಟ್ರೇ, ಊರಿಂದ ಬಂದು ಎಷ್ಟು ದಿನ ಆಯ್ತು?” ಎಂದರು. ಮೂರು ಎಂದೆವು. “ಹಾಗಾದ್ರೆ ಇನ್ನು ಹತ್ತು ದಿನ ಹಗಲಲ್ಲಿ ನಡೀಬೇಡಿ.” ವೈದ್ಯಗ್ರಂಥವು ಇದಕ್ಕಿಂತ ಹೆಚ್ಚಿಗೆ ಹೇಳುವುದು ಸ್ವಲ್ಪವೇ. ನಮಗೆ ಬುದ್ಧಿ ನೆಟ್ಟಗಿತ್ತು. ಮಾತು ತಡವರಿಸಿದ್ದರೆ, ಪ್ರಜ್ಞೆ ಮಸುಕಾಗಿದ್ದರೆ ಅದು ಪ್ರಾಣಾಪಾಯ. ಅಂಥವನನ್ನು ತಣ್ಣೀರಿನಿಂದ ತಣಿಸುತ್ತಲೇ ವೈದ್ಯರಿಗೆ ಹೇಳಿಕಳುಹಿಸಬೇಕು. ವಾಹನ ಬರಲೆಂದು ಕಾಯುತ್ತ ಬಿಸಿಯಲ್ಲೇ ಮಲಗಿಸಬಾರದು.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ ಹೊಸಬನಿಗೆ ಮೊದಲ ದಿನ ಸೆಕೆಯ ಕೆಲಸದಲ್ಲಿ ಐದನೆಯ ಒಂದು ಪಾಲು ಮಾತ್ರ; ಮುಂದೆ ದಿನಕ್ಕೊಂದೊಂದು ಪಾಲು ಹೆಚ್ಚಿಸುವುದು. ಹಳಬನು ಮರಳಿ ಬಂದರೆ ಮೊದಲ ದಿನ ಅರ್ಧ. ಸಂಯುಕ್ತ ಅರಬ್ ಎಮಿರೇಟುಗಳಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12-30ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ದುಡಿಸಕೂಡದೆಂಬ ನಿಯಮವಿದೆ. ಒಳ್ಳೆಯದೇ, ಆದರೆ ಗಡಿಯಾರದ ನಿಯಮಕ್ಕೆ ದುಡಿಯುವವನು ನಿನ್ನೆ ಬಂದವನೋ ಹತ್ತು ವರ್ಷದವನೋ ತಿಳಿಯದು. ಅದನ್ನು ಅವನ ಮೇಸ್ತ್ರಿ ತಿಳಿದಿರಬೇಕು, ಅವನೇ ಹೇಳಲು ಅಂಜಬಾರದು.

ಕಚೇರಿಯಲ್ಲಿ ಕುಳಿತವರಿಗೆ ಇದೊಂದೂ ಸಂಬಂಧಿಸದೆಂದು ತೋರಬಹುದು. ತಂಪು ಮಾಡಿದ ಕೋಣೆಯಿಂದ ತಂಪು ಮಾಡಿದ ಕಾರಿಗೆ ಹೋಗುವವನ ದೇಹ ಹತ್ತು ವರ್ಷವಿದ್ದರೂ ಹೊಸದೇ. ರಜೆಯ ದಿನ ಕ್ರಿಕೆಟ್ ಬ್ಯಾಟು ಹಿಡಿದು ಬಯಲಿಗಿಳಿದಾಗ ಅದು ತಿಳಿಯುತ್ತದೆ. ಅಂಥವರು ಮುಂಜಾನೆ ಒಂದಿಷ್ಟು ನಡೆದು ಬರುವುದು ಲೇಸು. ಹೊಸ್ತಿಲು ದಾಟಿದೊಡನೆ ತಂಪಾದ ಕನ್ನಡಕದ ಮೇಲೆ ಮಂಜು ಕವಿದು ಲೋಕವೇ ಮರೆಯಾಗುತ್ತದೆ. ಗಾಬರಿ ಬೇಡ, ಗಾಜು ಬಿಸಿಯಾಗುವವರೆಗೆ ನಿಂತಿದ್ದರಾಯಿತು.

ಸ್ನಾನದ ನೀರಿನದು ಇನ್ನೊಂದು ವಿನೋದ. ತಾರಸಿಯ ತೊಟ್ಟಿ ದಿನವಿಡೀ ಕಾದು, ನಲ್ಲಿಯಲ್ಲಿ ಬರುವುದೆಲ್ಲ ಸುಡುನೀರು. ಅಲ್ಲಿಯವರು ಬೇಸಗೆಯಲ್ಲಿ ಗೀಜರನ್ನು ಆರಿಸಿಬಿಡುತ್ತಾರೆ; ಮನೆಯೊಳಗಿನ ಅದರ ಹಂಡೆಯಲ್ಲಿ ನಿಂತ ನೀರೇ ತಣ್ಣೀರು. ಬಿಸಿನೀರಿನ ನಲ್ಲಿಯನ್ನು ತಿರುಗಿಸಿ ತಣ್ಣೀರು ಪಡೆಯುವುದನ್ನು ರೂಢಿಸಿಕೊಳ್ಳಲು ನಮಗೆ ಒಂದು ವಾರ ಹಿಡಿಯಿತು.

ಕುಡಿಯುವ ವಿಷಯ ಒಂದೇ ಮಾತು. ಬಾಯಾರಿಕೆಯನ್ನು ಕಾಯದೆ ಆಗಾಗ್ಗೆ ಕುಡಿಯಬೇಕು. ಮೈಮುರಿದು ದುಡಿಯುವವನಿಗೆ ಬರಿಯ ನೀರೂ ಸಾಲದು. ಇಂಗ್ಲೆಂಡಿನ ಗಣಿ ಕೆಲಸಗಾರರಿಗೆ ಬರುತ್ತಿದ್ದ ಸ್ನಾಯು ಸೆಳೆತಕ್ಕೆ, ಬೆವರಿನಲ್ಲಿ ಉಪ್ಪು ಹೋಗಿ ಬರಿಯ ನೀರು ಸೇರುವುದೇ ಕಾರಣವೆಂದು 1923ರಲ್ಲಿ ಮಾಸ್ ಎಂಬ ವಿಜ್ಞಾನಿ ತೋರಿಸಿದ್ದನು. ರಕ್ತದೊತ್ತಡವುಳ್ಳವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಬೇಕು. ಉಳಿದವರಿಗೆ ಅಲ್ಲಿಯ ಅಂಗಡಿಗಳಲ್ಲೆಲ್ಲ ‘ಲಬನ್’ ಸಿಕ್ಕುತ್ತದೆ. ಅದು ನಮ್ಮ ಮಜ್ಜಿಗೆಯೇ. ಒಂದು ಚಿಟಿಕೆ ಉಪ್ಪು ಬೆರೆಸಿಕೊಂಡರೆ ಸಾಕು. ಒಗ್ಗರಣೆಯೊಂದು ಇರುವುದಿಲ್ಲ, ಇಂಗನ್ನು ನಾವು ಊರಿನಿಂದಲೇ ಒಯ್ದಿದ್ದೆವು.