ಕಲ್ಲಿನ ಮೇಲೊಂದು ಕುರುಹು

ನಮ್ಮ ನಾಡಿನ ಹಳ್ಳಿಗಳನ್ನು ಸುತ್ತಿದವರಿಗೆ ವೀರಗಲ್ಲು ಹೊಸದಲ್ಲ. ಊರಬಾಗಿಲಲ್ಲೋ, ಕೆರೆಯ ಏರಿಯ ಮೇಲೋ, ಹಾಳುಗುಡಿಯ ಮಗ್ಗುಲಲ್ಲೋ ಅರ್ಧ ಮಣ್ಣಿನಲ್ಲಿ ಹೂತು ನಿಂತಿರುವ ಆ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತುಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಅವನು ನಂಬಿದ ದೇವರ ಸನ್ನಿಧಿ. ಬಹುಪಾಲು ಕಲ್ಲುಗಳ ನೆತ್ತಿಯಲ್ಲಿ ಶಿವಲಿಂಗ; ಮಡಿದವನು ಜೈನನಾಗಿದ್ದರೆ ಅಲ್ಲಿ ಜಿನಬಿಂಬವನ್ನು ಕಾಣುವುದೂ ಉಂಟು. ಸತ್ತವನು ಯಾರೆಂದು ತಿಳಿಸಲು ಹೆಸರೊಂದೇ ಸಾಲದು, ಅವನು ಯಾರ ಪಾದವನ್ನು ನೆನೆದು ಕಣ್ಣು ಮುಚ್ಚಿದನೆಂಬುದೂ ಬೇಕು ಎಂಬುದು ಆ ಕಲ್ಲುಗಳನ್ನು ನೆಡಿಸಿದವರ ಭಾವನೆಯಾಗಿದ್ದಿರಬೇಕು.

ಈ ಭಾವನೆ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಕಲ್ಲಿನ ನೆತ್ತಿಯ ಇಂಥದೇ ಒಂದು ಕುರುಹಿಗಾಗಿ ಅಮೆರಿಕದಲ್ಲಿ ಯೋಧನೊಬ್ಬನ ಹೆಂಡತಿ ತನ್ನ ಸರಕಾರದ ಮೇಲೆಯೇ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಬಿಳಿಯ ಕಲ್ಲುಗಳ ಸಾಲು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸೈನ್ಯದ ಸೇವೆ ಸಲ್ಲಿಸಿ ಮಡಿದವರಿಗೆ ಸರಕಾರವೇ ತನ್ನ ವೆಚ್ಚದಲ್ಲಿ ಸಮಾಧಿಯ ಕಲ್ಲನ್ನು ಒದಗಿಸುತ್ತದೆ. ನೆಟ್ಟಗೆ ನಿಲ್ಲಿಸುವ ಅಮೃತಶಿಲೆಯ ಕಲ್ಲು 42 ಅಂಗುಲ ಉದ್ದ, 13 ಅಂಗುಲ ಅಗಲ, 4 ಅಂಗುಲ ದಪ್ಪ. ಸೇನಾಪತಿಗೂ ಸಿಪಾಯಿಗೂ ಒಂದೇ ಅಳತೆ. ಹೆಸರಿನ ಮೇಲೆ, ಬಂಧುಗಳು ಬಯಸಿದರೆ, ಮಡಿದವನ ಧರ್ಮದ ಚಿಹ್ನೆಯೊಂದನ್ನು ಕೆತ್ತುತ್ತಾರೆ. ಸಾವಿನ ಮುಂದೆ ಎಲ್ಲರೂ ಸಮಾನರೆಂಬುದನ್ನು ಕಲ್ಲಿನ ಅಳತೆ ಹೇಳಿದರೆ, ಒಬ್ಬರಂತೆ ಒಬ್ಬರಿಲ್ಲವೆಂಬುದನ್ನು ಆ ಚಿಹ್ನೆ ಹೇಳುತ್ತದೆ.

ಆದರೆ ಯಾವ ಚಿಹ್ನೆಯನ್ನು ಕೆತ್ತಬಹುದೆಂಬುದಕ್ಕೆ ಸರಕಾರದ ಪಟ್ಟಿಯೊಂದಿದೆ. ಮೊದಲನೆಯ ಮಹಾಯುದ್ಧದ ತರುವಾಯ ಆ ಪಟ್ಟಿ ಆರಂಭವಾದಾಗ ಅದರಲ್ಲಿದ್ದವು ಎರಡೇ: ಕ್ರೈಸ್ತರಿಗೆ ಶಿಲುಬೆ, ಯೆಹೂದ್ಯರಿಗೆ ದಾವೀದನ ನಕ್ಷತ್ರ. ಉಳಿದವರ ಮಾತು ಯಾರಿಗೂ ಹೊಳೆದಂತಿಲ್ಲ.

ಚಕ್ರ ಬಂದ ಬಗೆ

ಎರಡನೆಯ ಮಹಾಯುದ್ಧದಲ್ಲಿ ಈ ಕೊರತೆ ಎದ್ದು ಕಾಣಿಸಿತು. 1942ರಿಂದ ಅಮೆರಿಕದ ಸರಕಾರ ಸುಮಾರು 1,20,000 ಮಂದಿ ಜಪಾನಿ ಮೂಲದವರನ್ನು, ಶತ್ರುವಿನ ರಕ್ತಸಂಬಂಧಿಗಳೆಂಬ ಶಂಕೆಯಿಂದ, ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿತು. ಅದೇ ಜನಾಂಗದ ತರುಣರು 442ನೆಯ ದಳವಾಗಿ ಇಟಲಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಅಮೆರಿಕದ ಪರವಾಗಿ ಹೋರಾಡಿ ಅಪಾರ ಕೀರ್ತಿ ಪಡೆದರು. ಅವರಲ್ಲಿ ಬೌದ್ಧರು ಅನೇಕರಿದ್ದರು. ಆದರೆ ಸೈನಿಕನ ಕೊರಳಿನ ಗುರುತಿನ ಬಿಲ್ಲೆಯಲ್ಲಿ ಧರ್ಮವನ್ನು ಸೂಚಿಸಲು ಆಗ ಇದ್ದ ಅಕ್ಷರಗಳು ಮೂರು ಮಾತ್ರ. ಪ್ರಾಟೆಸ್ಟೆಂಟ್, ಕ್ಯಾಥೊಲಿಕ್, ಯೆಹೂದ್ಯ ಮತಗಳಿಗೆ ಒಂದೊಂದು. ಬುದ್ಧನಿಗೆ ಅಲ್ಲಿ ಸ್ಥಳವಿರಲಿಲ್ಲ. ತಂದೆತಾಯಿಗಳು ಸೆರೆಯಲ್ಲಿ, ಮಗ ರಣಭೂಮಿಯಲ್ಲಿ, ಮಡಿದ ಮೇಲೆ ಅವನ ತಲೆಯ ಬಳಿ ಅವನದಲ್ಲದ ಶಿಲುಬೆ! ಇದಕ್ಕಿಂತ ಮೂಕವಾದ ಅನ್ಯಾಯ ಇನ್ನಾವುದಿದ್ದೀತು? ಯುದ್ಧ ಮುಗಿದು ಆರು ವರ್ಷಗಳಾದ ಮೇಲೆ, 1951ರಲ್ಲಿ, ಧರ್ಮಚಕ್ರಕ್ಕೆ ಆ ಪಟ್ಟಿಯಲ್ಲಿ ಪ್ರವೇಶ ದೊರೆಯಿತು.

ಬರಿದಾಗಿ ಉಳಿದ ಜಾಗ

ಮುಂದಿನ ದಶಕಗಳಲ್ಲಿ ಪಟ್ಟಿ ಬೆಳೆಯಿತು. ದೇವರಿಲ್ಲವೆನ್ನುವವರಿಗೂ ಪರಮಾಣುವಿನ ಚಿತ್ರವೊಂದು ಅದರಲ್ಲಿ ದೊರೆಯಿತು. ಆದರೆ ವಿಕ್ಕ ಎಂಬ ಸಣ್ಣ ಪಂಥದವರು ಮಾತ್ರ ಹೊರಗೇ ಉಳಿದರು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡು ಅಮೆರಿಕಕ್ಕೆ ಹಬ್ಬಿದ ಈ ಪಂಥದವರು ಪ್ರಕೃತಿಯನ್ನು ಪೂಜಿಸುವವರು; ಋತುಗಳ ಗತಿಯನ್ನನುಸರಿಸಿ ಹಬ್ಬಗಳನ್ನಾಚರಿಸುವವರು. ವೃತ್ತದೊಳಗಿನ ಐದು ಮೊನೆಗಳ ನಕ್ಷತ್ರ ಅವರ ಚಿಹ್ನೆ. ಭೂಮಿ, ಜಲ, ಅಗ್ನಿ, ವಾಯು, ಚೇತನಗಳೆಂದು ಅವರು ಆ ಮೊನೆಗಳಿಗೆ ಅರ್ಥ ಹೇಳುವುದನ್ನು ಕೇಳಿದರೆ ನಮಗೆ ಪಂಚಭೂತಗಳ ನೆನಪಾಗದಿರದು. ಆದರೆ ಇದು ಮಾಟಗಾತಿಯರ ಮತ, ಆ ನಕ್ಷತ್ರ ಸೈತಾನನ ಗುರುತು ಎಂಬ ಕುರುಡು ಭಯ ಅಲ್ಲಿ ಹಲವರಲ್ಲಿತ್ತು.

2005ರ ಸೆಪ್ಟೆಂಬರಿನಲ್ಲಿ ಆಫ್ಘಾನಿಸ್ತಾನದಲ್ಲಿ ಸೈನ್ಯದ ಹೆಲಿಕಾಪ್ಟರೊಂದು ಉರುಳಿತು. ಅದರಲ್ಲಿ ಪ್ರಾಣವಿತ್ತವರಲ್ಲಿ ನೆವಾಡ ಸಂಸ್ಥಾನದ ಸಾರ್ಜೆಂಟನೊಬ್ಬನಿದ್ದ. ಅವನು ವಿಕ್ಕ ಪಂಥದವನು. ಸರಕಾರ ಅವನಿಗೆ ಪದಕಗಳನ್ನಿತ್ತು ಗೌರವಿಸಿತು. ಆದರೆ ಸ್ಮಾರಕದ ಫಲಕದ ಮೇಲೆ ಅವನ ನಕ್ಷತ್ರವನ್ನು ಕೆತ್ತಿಸಿರೆಂದು ಅವನ ಹೆಂಡತಿ ಕೇಳಿದಾಗ, ಅದು ಪಟ್ಟಿಯಲ್ಲಿಲ್ಲವೆಂಬ ಉತ್ತರ ಬಂತು. ಚಿಹ್ನೆಯಿಲ್ಲದ ಫಲಕ ತನಗೆ ಬೇಡವೆಂದು ಆಕೆ ಹಟ ಹಿಡಿದಳು. ಫರ್ನ್ಲಿ ಎಂಬ ಊರಿನ ಸೈನಿಕ ಸ್ಮಶಾನದ ಸ್ಮಾರಕ ಗೋಡೆಯಲ್ಲಿ ಅವನಿಗೆ ಮೀಸಲಾದ ಜಾಗ ಒಂದು ವರ್ಷಕ್ಕೂ ಮಿಗಿಲಾಗಿ ಬರಿದಾಗಿಯೇ ಉಳಿಯಿತು. ಸುತ್ತ ಹೆಸರುಗಳು, ನಡುವೆ ಒಂದು ಮೌನ.

ಇಲಾಖೆಯ ನಿಯಮವೂ ವಿಚಿತ್ರವಾಗಿತ್ತು. ಹೊಸ ಚಿಹ್ನೆ ಬೇಕಾದರೆ ಆ ಧರ್ಮದ ಮುಖ್ಯಸ್ಥರಿಂದ ಪತ್ರ ಬರಬೇಕು. ವಿಕ್ಕದವರಿಗೆ ಒಬ್ಬ ಗುರುವಿಲ್ಲ, ಒಂದು ಪೀಠವಿಲ್ಲ. ಈ ನಿಯಮವನ್ನು ನಮಗೆ ಅನ್ವಯಿಸಿದ್ದರೆ ನಾವಾದರೂ ಯಾರಿಂದ ಪತ್ರ ತರುತ್ತಿದ್ದೆವು? ಹಿಂದೂ ಧರ್ಮಕ್ಕೆ ಮುಖ್ಯ ಕಚೇರಿ ಯಾವ ಊರಿನಲ್ಲಿದೆ?

2006ರಲ್ಲಿ ನೆವಾಡದ ಸರಕಾರ, ಸ್ಮಶಾನ ತನ್ನದಾದ್ದರಿಂದ, ತಾನೇ ನಕ್ಷತ್ರವುಳ್ಳ ಫಲಕವನ್ನಿರಿಸಲು ಮುಂದಾಯಿತು. ಡಿಸೆಂಬರಿನಲ್ಲಿ ಅದು ಗೋಡೆಯನ್ನೇರಿತು. ಅಷ್ಟಕ್ಕೇ ಆಕೆ ಸುಮ್ಮನಾಗಬಹುದಿತ್ತು. ತನ್ನವನಿಗೆ ದೊರೆತದ್ದು ಅವನ ಪಂಥದ ಎಲ್ಲರಿಗೂ ದೊರೆಯಬೇಕೆಂದು ಆಕೆ ಇತರರೊಡನೆ ಸೇರಿ ನವೆಂಬರಿನಲ್ಲಿಯೇ ಹೂಡಿದ್ದ ಮೊಕದ್ದಮೆಯನ್ನು ಕೈಬಿಡಲಿಲ್ಲ. 2007ರ ಏಪ್ರಿಲ್ 23ರಂದು ಕೇಂದ್ರ ಸರಕಾರ ರಾಜಿಗೆ ಒಪ್ಪಿ ಆ ನಕ್ಷತ್ರವನ್ನು ಪಟ್ಟಿಗೆ ಸೇರಿಸಿತು. ಮೊದಲ ಅರ್ಜಿಗಳು ಬಂದು ಆಗ ಹತ್ತು ವರ್ಷಗಳಾಗಿದ್ದವು.

ಕಲ್ಲು ಯಾರದು?

ಇಂದು ಆ ಪಟ್ಟಿಯಲ್ಲಿ 70ಕ್ಕೂ ಹೆಚ್ಚು ಚಿಹ್ನೆಗಳಿವೆ. ನಮ್ಮ ಓಂಕಾರವಿದೆ, ಸಿಖ್ಖರ ಖಂಡಾ ಇದೆ, ಮುಸಲ್ಮಾನರ ಅರ್ಧಚಂದ್ರವಿದೆ. ಆದರೂ ಹಳೆಯ ಸಾಲಗಳೆಲ್ಲ ತೀರಿಲ್ಲ. ಫ್ರಾನ್ಸಿನ ನಾರ್ಮಂಡಿಯಂಥ ಕಡೆಗಳಲ್ಲಿರುವ ಅಮೆರಿಕದ ಸೈನಿಕ ಸ್ಮಶಾನಗಳಲ್ಲಿ ಕಲ್ಲಿನ ಆಕಾರವೇ ಶಿಲುಬೆ, ಇಲ್ಲವೇ ದಾವೀದನ ನಕ್ಷತ್ರ, ಮೂರನೆಯದಿಲ್ಲ. ತಪ್ಪಾಗಿ ಶಿಲುಬೆಯಡಿ ಮಲಗಿದ್ದ ಕೆಲವು ಯೆಹೂದಿ ಯೋಧರ ಕಲ್ಲುಗಳನ್ನು ಮುಕ್ಕಾಲು ಶತಮಾನದ ಬಳಿಕ, ಈಚಿನ ವರ್ಷಗಳಲ್ಲಿ, ಬದಲಿಸಲಾಗಿದೆ.

ಸತ್ತವನಿಗೆ ಇದರಿಂದ ಆಗುವುದೇನೆಂದು ಕೇಳುವವರುಂಟು. ಅವನಿಗೆ ಏನೂ ಆಗದಿರಬಹುದು. ಆದರೆ ಒಂದು ರಾಜ್ಯ ಒಬ್ಬನ ಪ್ರಾಣವನ್ನು ಕೇಳುವಾಗ ಅವನ ದೇವರಾರೆಂದು ವಿಚಾರಿಸಲಿಲ್ಲ. ಪ್ರಾಣವಿತ್ತ ಮೇಲೆ, ನಿನ್ನ ದೇವರು ನಮ್ಮ ಪಟ್ಟಿಯಲ್ಲಿಲ್ಲವೆಂದು ಹೇಳುವ ಅಧಿಕಾರ ಅದಕ್ಕೆಲ್ಲಿಂದ ಬಂತು? ನಕ್ಷತ್ರವನ್ನು ಕೆತ್ತಿಸಿದ ಮಾತ್ರಕ್ಕೆ ಸರಕಾರ ಆ ಮತವನ್ನು ಮೆಚ್ಚಿದಂತಾಗಲಿಲ್ಲ. ಮಡಿದವನ ಮಾತನ್ನು ನಡೆಸಿದಂತಾಯಿತು, ಅಷ್ಟೆ. ಕಲ್ಲಿನ ಬೆಲೆಯನ್ನು ಸರಕಾರ ಕೊಟ್ಟಿರಬಹುದು. ಕಲ್ಲು ಮಾತ್ರ ಸತ್ತವನದು.

ನಮ್ಮ ಕೆರೆಯೇರಿಯ ವೀರಗಲ್ಲಿನ ಶಿಲ್ಪಿಗೆ ಯಾವ ಇಲಾಖೆಯ ಪಟ್ಟಿಯೂ ಇರಲಿಲ್ಲ. ಲಿಂಗವೋ ಜಿನನೋ ಎಂದು ಮಡಿದವನ ಮನೆಯವರನ್ನು ಕೇಳಿಯೇ ಅವನು ಉಳಿ ಹಿಡಿದಿದ್ದಾನು. ಕೇಳಬೇಕಾದ್ದು ಅಷ್ಟೇ ಅಲ್ಲವೆ?